ಹೊರಡಿಸುವವರು, ಕಾಯುವವರು

ಕಲಬುರಗಿ ವಿಮಾನ ನಿಲ್ದಾಣದಿಂದ ಮಂಗಳೂರು ವಿಮಾನ ನಿಲ್ದಾಣಕ್ಕೆ ಎಷ್ಟು ದೂರ? ಎರಡರ ಅಕ್ಷಾಂಶ, ರೇಖಾಂಶ ಗೊತ್ತಿದ್ದರೆ ಕಾಗದದ ಮೇಲೆಯೇ ಲೆಕ್ಕ ಹಾಕಬಹುದು. ಉತ್ತರ ಸುಮಾರು 530 ಕಿಲೋಮೀಟರ್. ಗಂಟೆಗೆ 500 ಕಿ.ಮೀ. ಆಸುಪಾಸಿನ ವೇಗದಲ್ಲಿ ಹಾರುವ ಎಟಿಆರ್‌ನಂಥ ಸಣ್ಣ ವಿಮಾನಕ್ಕೆ ಅದು ಹೆಚ್ಚುಕಡಿಮೆ ಒಂದೂಕಾಲು ಗಂಟೆಯ ಹಾದಿ. ಜೆಟ್ ವಿಮಾನಕ್ಕೆ ಒಂದು ಗಂಟೆ ಸಾಕು. ಲೆಕ್ಕ ಇಷ್ಟಕ್ಕೆ ಮುಗಿಯುತ್ತದೆ. ಅದು ಮುಗಿದ ಜಾಗದಿಂದಲೇ ನನ್ನ ಯೋಚನೆ ಶುರುವಾಗುತ್ತದೆ.

ಆ 530 ಕಿ.ಮೀ. ನೆಟ್ಟಗಿನ ಗೆರೆಯಲ್ಲ. ಭೂಮಿ ದುಂಡಗಿರುವುದರಿಂದ ಅದು ನೆಲದ ಉಬ್ಬನ್ನು ಅನುಸರಿಸಿ ಬಾಗಿದ ಗೆರೆ. ನಿಜವಾಗಿ ನೆಟ್ಟಗೆ ಹೋಗಬೇಕೆಂದರೆ ಸುರಂಗ ಕೊರೆಯಬೇಕು. ಅರ್ಧ ದಾರಿಯಲ್ಲಿ ಆ ಸುರಂಗ ನೆಲದಿಂದ ಐದೂವರೆ ಕಿಲೋಮೀಟರ್ ಆಳದಲ್ಲಿರುತ್ತದೆ. ಹಾಗಾಗಿ ಮೇಲಿನ ಗೆರೆಯೇ ನಮಗೆ ಹತ್ತಿರದ ದಾರಿ. ನಕಾಶೆಯ ಮೇಲೆ ಅದನ್ನು ಎಳೆದು ನೋಡಿದರೆ ಕನ್ನಡನಾಡಿನ ಒಂದು ಸೊಗಸಾದ ಸೀಳುನೋಟ ಸಿಗುತ್ತದೆ. ಕಲಬುರಗಿಯ ತೊಗರಿ ಹೊಲಗಳನ್ನು ಬಿಟ್ಟು ಜೇವರ್ಗಿಯ ಬಳಿ ಭೀಮೆಯನ್ನು ದಾಟುತ್ತದೆ. ನಾರಾಯಣಪುರದ ಆಸುಪಾಸಿನಲ್ಲಿ ಕೃಷ್ಣೆ. ಕುಷ್ಟಗಿಯ ಬಯಲು. ಮುಂಡರಗಿಯ ಮಗ್ಗುಲಲ್ಲಿ ತುಂಗಭದ್ರೆ. ರಾಣೆಬೆನ್ನೂರಿನ ಸೀಮೆ ಹಾದು ತೀರ್ಥಹಳ್ಳಿಯ ಹತ್ತಿರ ತುಂಗೆ. ಆಮೇಲೆ ಆಗುಂಬೆ. ಅಲ್ಲಿ ನೆಲ ಥಟ್ಟನೆ ಕುಸಿದು ಕಾರ್ಕಳದ ಕಡೆ ಇಳಿಯುತ್ತದೆ, ಗೆರೆ ಮಂಗಳೂರಿನ ನಿಲ್ದಾಣವಿರುವ ಬಜಪೆಯ ಗುಡ್ಡದ ತಲೆಯನ್ನು ಮುಟ್ಟುತ್ತದೆ. ಕಲಬುರಗಿಯಲ್ಲಿ ವರ್ಷಕ್ಕೆ ಬೀಳುವ ಮಳೆ ಆಗುಂಬೆಯ ಮಳೆಯ ಹತ್ತನೆಯ ಒಂದು ಪಾಲಿನ ಆಸುಪಾಸು. ಎರೆಮಣ್ಣಿನಿಂದ ಜಂಬಿಟ್ಟಿಗೆಯವರೆಗೆ, ಜೋಳದ ರೊಟ್ಟಿಯಿಂದ ಕುಚ್ಚಲಕ್ಕಿ ಗಂಜಿಯವರೆಗೆ ಎಲ್ಲವೂ ಈ ಒಂದೇ ಗೆರೆಯ ಮೇಲಿದೆ.

ಆದರೆ ಈ ಗೆರೆಯ ಮೇಲೆ ನಮ್ಮ ಓಡಾಟ ನಡೆದೇ ಇಲ್ಲ ಎನ್ನಬಹುದು. ಈ ಎರಡು ಊರುಗಳ ನಡುವೆ ವಿಮಾನದಲ್ಲೇ ಹೋಗಬೇಕೆಂದವರು ಸಾಮಾನ್ಯವಾಗಿ ಹಿಡಿದದ್ದು ಬೆಂಗಳೂರಿನ ದಾರಿ. ಕಲಬುರಗಿಯಿಂದ ಬೆಂಗಳೂರಿಗೆ ಸುಮಾರು 460 ಕಿ.ಮೀ., ಅಲ್ಲಿಂದ ಮಂಗಳೂರಿಗೆ 305. ಆಕಾಶದಲ್ಲೇ 235 ಕಿ.ಮೀ. ಹೆಚ್ಚಿಗೆ ಸುತ್ತಬೇಕು. ಹೊತ್ತಿನ ಲೆಕ್ಕ ಇನ್ನೂ ಬೇರೆ. ವಿಮಾನದ ವೇಳಾಪಟ್ಟಿಯಲ್ಲಿ ಬರೆದಿರುವ ಅವಧಿ ಹಾರಾಟದ ಅವಧಿಯಷ್ಟೇ ಅಲ್ಲ. ಗಾಲಿಗೆ ಕೊಟ್ಟ ಅಡ್ಡಗಟ್ಟೆಯನ್ನು ತೆಗೆದಾಗಿನಿಂದ ಇನ್ನೊಂದು ಊರಿನಲ್ಲಿ ಅಡ್ಡಗಟ್ಟೆ ಕೊಡುವವರೆಗಿನದ್ದು ಅದು. ರನ್‌ವೇವರೆಗೆ ತೆವಳುವುದು, ಸರದಿಗಾಗಿ ನಿಲ್ಲುವುದು, ಮೇಲೇರುವುದು, ಇಳಿಯುವ ಅನುಮತಿಗಾಗಿ ಒಂದೆರಡು ಸುತ್ತು ಹಾಕುವುದು ಎಲ್ಲವೂ ಅದರೊಳಗೆ ಸೇರಿವೆ. ಅದರ ಮೇಲೆ ಮನೆಯಿಂದ ನಿಲ್ದಾಣಕ್ಕೆ ಹೋಗುವ ಹೊತ್ತು, ತಪಾಸಣೆಯ ಸಾಲು, ಬೆಂಗಳೂರಿನಲ್ಲಿ ಮುಂದಿನ ವಿಮಾನಕ್ಕಾಗಿ ಕೂರುವ ಹೊತ್ತು. ಒಂದು ಗಂಟೆಯ ದಾರಿ ಅರ್ಧ ದಿನವಾಗುತ್ತದೆ.

ಈ ಸುತ್ತು ನಿನ್ನೆ ಮೊನ್ನೆಯದಲ್ಲ. 1956ರ ನವೆಂಬರ್ 1ಕ್ಕೆ ಮೊದಲು ಕಲಬುರಗಿಯ ಕಾಗದಪತ್ರಗಳು ಹೈದರಾಬಾದಿಗೆ ಹೋಗುತ್ತಿದ್ದವು, ಮಂಗಳೂರಿನವು ಮದರಾಸಿಗೆ. ರೈಲೂ ಹಾಗೆಯೇ ಹರಿದಿತ್ತು. 1871ರಲ್ಲಿ ರಾಯಚೂರಿನಲ್ಲಿ ಎರಡು ಕಂಪನಿಗಳ ಹಳಿಗಳು ಕೂಡಿಕೊಂಡಾಗ ಕಲಬುರಗಿ ಮುಂಬಯಿ ಮತ್ತು ಮದರಾಸಿನ ನಡುವಿನ ಒಂದು ನಿಲ್ದಾಣವಾಯಿತು. 1907ರಲ್ಲಿ ಮಂಗಳೂರಿಗೆ ಬಂದ ರೈಲು ಕೇರಳದ ಕಡೆಯಿಂದ ಬಂದದ್ದು, ಮದರಾಸಿಗೆ ಸೇರಿದ್ದು. ಘಟ್ಟ ಹತ್ತಿ ಹಾಸನ ಮುಟ್ಟುವ ಹಳಿಗೆ ಮಂಗಳೂರು 1979ರವರೆಗೆ ಕಾಯಬೇಕಾಯಿತು. ಎರಡೂ ಕನ್ನಡದ ಊರುಗಳೇ, ಆದರೆ ಒಂದಕ್ಕೊಂದು ಬೆನ್ನು ಮಾಡಿ ನಿಂತಿದ್ದವು. ಏಕೀಕರಣವಾದ ಮೇಲೆ ಎರಡೂ ತಿರುಗಿದವು ನಿಜ, ತಿರುಗಿ ನೋಡಿದ್ದು ಮಾತ್ರ ರಾಜಧಾನಿಯ ಕಡೆ. ಒಂದರ ಮುಖವನ್ನೊಂದು ನೋಡುವ ರೂಢಿ ಬೆಳೆಯಲೇ ಇಲ್ಲ.

ಹೀಗೆ ಹೇಳಿದರೆ ಇವೆರಡರ ನಡುವೆ ಕೊಡುಕೊಳ್ಳುವಿಕೆಯೇ ಇಲ್ಲವೆಂದು ಯಾರಾದರೂ ತಿಳಿದಾರು. ಇದೆ, ಧಾರಾಳವಾಗಿದೆ. ಮಂಗಳೂರು, ಉಡುಪಿಗಳಲ್ಲಿ ಏಳುತ್ತಿರುವ ಯಾವುದಾದರೂ ಕಟ್ಟಡದ ಕೆಳಗೆ ನಿಂತು ಕಿವಿಗೊಟ್ಟರೆ ಸಾಕು. ಬುಟ್ಟಿ ಹೊರುವವರ, ಕಾಂಕ್ರೀಟು ಕಲಸುವವರ, ಸೆಂಟ್ರಿಂಗ್ ಹಲಗೆ ಕಟ್ಟುವವರ ಮಾತಿನಲ್ಲಿ ಬಯಲುಸೀಮೆಯ ಕನ್ನಡ ಕೇಳುತ್ತದೆ. ಬಾಗಲಕೋಟೆ, ಗದಗ, ಕೊಪ್ಪಳ, ರಾಯಚೂರು, ಕಲಬುರಗಿಯ ಹಳ್ಳಿಗಳಿಂದ ದುಡಿಯಲು ಬಂದವರು ಅವರು. ಮಳೆ ಕೈಕೊಟ್ಟ ವರ್ಷ ಹೆಚ್ಚು ಬರುತ್ತಾರೆ. ಚಿಕ್ಕ ಮಕ್ಕಳನ್ನು ಜೊತೆಗೆ ಕರೆತರುತ್ತಾರೆ, ಓದುವ ಮಕ್ಕಳನ್ನು ಊರಲ್ಲಿ ಅಜ್ಜಿಯ ಹತ್ತಿರ ಬಿಡುತ್ತಾರೆ. ಕರಾವಳಿಯ ಆಸ್ಪತ್ರೆಗಳಿಗೆ, ಕಾಲೇಜುಗಳಿಗೂ ಆ ಕಡೆಯಿಂದ ಜನ ಬರುತ್ತಾರೆ. ಇವರೆಲ್ಲರ ದಾರಿ ರಾತ್ರಿ ಬಸ್ಸಿನದು. ರಸ್ತೆಯಲ್ಲಿ ದೂರ ಆರುನೂರು ಕಿಲೋಮೀಟರ್ ದಾಟುತ್ತದೆ. ಹೊತ್ತು ಮುಳುಗುವಾಗ ಹತ್ತಿದವರು ಮರುದಿನ ಬಿಸಿಲೇರಿದ ಮೇಲೆ ಇಳಿಯುತ್ತಾರೆ.

ಎಂದರೆ ನಮ್ಮ ನೆತ್ತಿಯ ಮೇಲಿನ ವಿಮಾನದಾರಿಗಳ ನಕಾಶೆ ಒಂದು, ನೆಲದ ಮೇಲಿನ ಬದುಕಿನ ನಂಟುಗಳ ನಕಾಶೆ ಇನ್ನೊಂದು. ಮೊದಲನೆಯದರಲ್ಲಿ ಟಿಕೆಟ್ಟಿಗೆ ದುಡ್ಡು ಕೊಡಬಲ್ಲವರ ಸಂಬಂಧಗಳಷ್ಟೇ ಮೂಡುತ್ತವೆ. ಮಂಗಳೂರಿನಿಂದ ದುಬೈಗೆ ಸುಮಾರು ಎರಡೂವರೆ ಸಾವಿರ ಕಿಲೋಮೀಟರ್, ನಡುವೆ ಒಂದು ಸಮುದ್ರ. 2006ರಲ್ಲಿ ಇಲ್ಲಿಂದ ದುಬೈಗೆ ನೇರ ವಿಮಾನ ಶುರುವಾಯಿತು. ಮೂರೂವರೆ ಗಂಟೆಯ ಹಾರಾಟ. ಕರಾವಳಿಯ ಮನೆಮನೆಯ ಮಕ್ಕಳು ಕೊಲ್ಲಿಯಲ್ಲಿ ದುಡಿಯುತ್ತಾರಾದ್ದರಿಂದ ಆ ದಾರಿ ತೆರೆದುಕೊಂಡಿತು, ಉಳಿದುಕೊಂಡಿತು. ಆ ಮನೆಗಳಿಗೆ ಅದು ದೊಡ್ಡ ಆಸರೆ, ಅದರ ಬಗ್ಗೆ ನನಗೆ ಸಂತೋಷವೇ ಇದೆ. ಆದರೆ ಮಂಗಳೂರಿನ ಒಂದೇ ಬೀದಿಯಲ್ಲಿ ಎರಡು ಮನೆಗಳನ್ನು ನೆನೆಯಿರಿ. ಒಂದರ ಮಗ ದುಬೈಯಲ್ಲಿದ್ದಾನೆ. ಇನ್ನೊಂದು ಕಟ್ಟುತ್ತಿರುವ ಮನೆ, ಅದರ ಕೆಳಗಿನ ತಗಡಿನ ಶೆಡ್ಡಿನಲ್ಲಿ ಅಫಜಲಪುರ ತಾಲ್ಲೂಕಿನ ಮಗನಿದ್ದಾನೆ. ಮೊದಲನೆಯ ತಾಯಿಗೆ ಮಗ ಸಮುದ್ರದಾಚೆ ಇದ್ದೂ ಬೆಳಗ್ಗೆ ಹೊರಟರೆ ಮಧ್ಯಾಹ್ನದ ಊಟಕ್ಕೆ ಸಿಗುವಷ್ಟು ಹತ್ತಿರ. ಎರಡನೆಯ ತಾಯಿಗೆ ಮಗ ಅದೇ ರಾಜ್ಯದಲ್ಲಿದ್ದೂ ಒಂದು ಇಡೀ ರಾತ್ರಿಯಷ್ಟು ದೂರ.

ದೂರದ ನಿಜವಾದ ಪರೀಕ್ಷೆ ನಡೆಯುವುದು ಸಾವಿನ ಸುದ್ದಿ ಬಂದಾಗ. ಉಳಿದ ಹೊತ್ತಿನಲ್ಲಿ ಅದನ್ನು ಮುಂದೂಡಬಹುದು. ಹಬ್ಬಕ್ಕೆ ಹೋಗೋಣ, ಜಾತ್ರೆಗೆ ಹೋಗೋಣ, ತೊಗರಿ ರಾಶಿಯಾದ ಮೇಲೆ ಹೋಗೋಣ ಎಂದು ಮನಸ್ಸಿಗೆ ಸಮಾಧಾನ ಹೇಳಬಹುದು. "ಅವ್ವ ಹ್ವಾದಳಪಾ" ಎಂಬ ಫೋನು ಬಂದ ಗಳಿಗೆಯಲ್ಲಿ ಎಲ್ಲ ಲೆಕ್ಕವೂ ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತದೆ: "ಮಣ್ಣು ಎಷ್ಟೊತ್ತಿಗೆ?" ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಸತ್ತವರ ಮಣ್ಣಿಗೆ ಹೋಗುವುದು ತಪ್ಪಿಸಬಾರದ ಕರ್ತವ್ಯ. ಮದುವೆಗೆ ಬರದಿದ್ದವರನ್ನು ಮನ್ನಿಸುತ್ತಾರೆ, ಮಣ್ಣಿಗೆ ಬರದಿದ್ದವರನ್ನು ನೆನಪಿಟ್ಟುಕೊಳ್ಳುತ್ತಾರೆ. ಹೆತ್ತವಳಿಗೆ ಒಂದು ಹಿಡಿ ಮಣ್ಣು ಹಾಕಲಾಗದೆ ಹೋದರೆ ಆ ಕೊರಗು ಮಗನ ಜೊತೆಗೇ ಮುಪ್ಪಾಗುತ್ತದೆ.

ಆ ಗಳಿಗೆಯಲ್ಲಿ ಏನೇನು ನಡೆಯುತ್ತದೆಂದು ವಿವರವಾಗಿ ನೋಡಬೇಕು, ಏಕೆಂದರೆ ದೂರದ ಗುಟ್ಟು ಅಲ್ಲಿದೆ. ಸುದ್ದಿ ಬೆಳಗಿನ ಜಾವ ಬಂದಿದೆ ಎನ್ನೋಣ. ಅಷ್ಟೊತ್ತಿಗೆ ಹೊರಡುವ ನೇರ ಬಸ್ಸಿಲ್ಲ. ಕೈಯಲ್ಲಿ ದುಡ್ಡಿಲ್ಲ, ವಾರದ ಬಟವಾಡೆ ಇನ್ನೂ ಆಗಿಲ್ಲ. ಮೊದಲು ಮೇಸ್ತ್ರಿಯ ಬಾಗಿಲು ಬಡಿಯಬೇಕು. ಅವನು ಎದ್ದು ಬಂದು, "ಸ್ಲ್ಯಾಬ್ ಹಾಕೋದೈತಿ, ನಾಳೆ ಹೋಗು" ಎಂದರೆ ಅಲ್ಲಿಗೆ ಆ ದೂರ ಎಂದೂ ದಾಟಲಾಗದ ದೂರವಾಯಿತು. "ನಡಿ, ನಡಿ, ಲೆಕ್ಕ ಆಮ್ಯಾಲೆ ನೋಡೋಣು" ಎಂದು ಜೇಬಿಗೆ ಕೈಹಾಕಿದರೆ ಅರ್ಧ ದಾರಿ ಅಲ್ಲೇ ಸವೆಯಿತು. ಜೊತೆಯವರು ಇದ್ದಷ್ಟು ಕೂಡಿಸುತ್ತಾರೆ. ಒಬ್ಬ ಬಸ್ ನಿಲ್ದಾಣದವರೆಗೆ ಬೈಕಿನಲ್ಲಿ ಬಿಡುತ್ತಾನೆ. ಹುಬ್ಬಳ್ಳಿವರೆಗೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು, ಮುಂದೆ ಮತ್ತೊಂದು.

ಇನ್ನೊಂದು ತುದಿಯಲ್ಲಿ, ಊರಲ್ಲಿ, ಹಿರಿಯರು ಕಟ್ಟೆಯ ಮೇಲೆ ಕೂಡುತ್ತಾರೆ. ಸಂಜೆಗೆ ಮುಗಿಸಬೇಕೆಂದು ಕೆಲವರು ಹೇಳುತ್ತಾರೆ. ಬಿಸಿಲ ನಾಡು, ಹೆಚ್ಚು ಹೊತ್ತು ಇಡುವಂತಿಲ್ಲ, ಅದೂ ನಿಜ. ಆಗ ಒಬ್ಬರು ಹೇಳುತ್ತಾರೆ: "ಮಗ ಮಂಗಳೂರಿಂದ ಹೊಂಟಾನ, ಹಾದ್ಯಾಗ ಅದಾನ, ಕಾಯೂಣ." ಆಮೇಲೆ ಯಾರೂ ಮಾತಾಡುವುದಿಲ್ಲ. ಭಜನೆಯವರು ರಾತ್ರಿಯೆಲ್ಲ ಹಾಡುತ್ತಾರೆ. ಓಣಿಯವರು ಒಲೆ ಹಚ್ಚದೆ ಕೂರುತ್ತಾರೆ. ಮಗ ಎಲ್ಲಿಗೆ ಬಂದನೆಂದು ಗಂಟೆಗೊಮ್ಮೆ ಫೋನು ಮಾಡಿ ಕೇಳುತ್ತಾರೆ. ಬಸ್ಸಿನ ವೇಗ ಇದರಿಂದ ಒಂದಿಷ್ಟೂ ಹೆಚ್ಚುವುದಿಲ್ಲ. ಆದರೂ ಅವನು ತಲುಪುತ್ತಾನೆ. ವೇಗ ಮಾಡಲಾರದ ಕೆಲಸವನ್ನು ಕಾಯುವಿಕೆ ಮಾಡಿತು.

ನನಗೆ ಅರ್ಥವಾಗಿರುವುದು ಇಷ್ಟು. ಎರಡು ಊರುಗಳ ನಡುವಿನ ದೂರವನ್ನು ಮೂವರು ಸೇರಿ ದಾಟಿಸುತ್ತಾರೆ. ಹೊರಡಿಸುವವರು, ಒಯ್ಯುವವರು, ಕಾಯುವವರು. ವಿಮಾನ, ರೈಲು, ಬಸ್ಸು ಎಲ್ಲವೂ ನಡುವಿನವು, ಒಯ್ಯುವ ಪಾಲಿನವು. ನಾವು ಅಳೆಯುವುದು ಆ ಪಾಲನ್ನು ಮಾತ್ರ, ಏಕೆಂದರೆ ಅದಕ್ಕೆ ಗಡಿಯಾರ ಹಿಡಿಯಬಹುದು. ಉಳಿದ ಎರಡು ಪಾಲು ಮನುಷ್ಯರ ಮನಸ್ಸಿಗೆ ಸೇರಿದವು. ಅವುಗಳಲ್ಲಿ ಒಂದು ಕೈಕೊಟ್ಟರೂ ಅತಿ ವೇಗದ ವಿಮಾನದಿಂದ ಉಪಯೋಗವಿಲ್ಲ. ಆಸ್ಪತ್ರೆಯ ಹಾಸಿಗೆಯಲ್ಲಿ ಅಪ್ಪ ಮಲಗಿರುವಾಗ ರಜೆ ಸಿಗದೆ ಪರದಾಡುವ ಮಗನಿಗೆ ದಿನಕ್ಕೆ ಹತ್ತು ವಿಮಾನ ಹಾರಿದರೂ ಅಪ್ಪ ದೂರವೇ. ಹತ್ತು ವರ್ಷ ಮಾತು ಬಿಟ್ಟ ಅಣ್ಣತಮ್ಮಂದಿರಿಗೆ ನಡುಗೋಡೆಯೂ ಒಂದು ಘಟ್ಟ.

ಒಯ್ಯುವ ಪಾಲು ಸಣ್ಣದೆಂದು ನಾನು ಹೇಳುತ್ತಿಲ್ಲ. ಅದನ್ನು ಕಡೆಗಣಿಸುವುದು ಇದ್ದವರಿಗೆ ಮಾತ್ರ ಸುಲಭ. ಸಣ್ಣ ಊರುಗಳಿಗೂ ವಿಮಾನ ಬರಬೇಕೆಂಬ ಆಸೆಯಲ್ಲಿ ನ್ಯಾಯವಿದೆ. ಆ ಆಸೆಯಿಂದಲೇ ಕೇಂದ್ರ ಸರ್ಕಾರದ ಉಡಾನ್ ಯೋಜನೆ ಹುಟ್ಟಿತು. 2017ರ ಏಪ್ರಿಲ್ 27ರಂದು ಶಿಮ್ಲಾದಿಂದ ದೆಹಲಿಗೆ ಅದರ ಮೊದಲ ವಿಮಾನ ಹಾರಿತು. ಸುಮಾರು ಒಂದು ಗಂಟೆಯ ಹಾರಾಟಕ್ಕೆ ವಿಮಾನದ ಒಂದಷ್ಟು ಆಸನಗಳ ದರ 2,500 ರೂಪಾಯಿ ಮೀರಬಾರದೆಂದು ಗೊತ್ತುಮಾಡಲಾಯಿತು. ನಷ್ಟ ತುಂಬಲು ಕಂಪನಿಗಳಿಗೆ ಮೂರು ವರ್ಷ ಸಹಾಯಧನ. ಕಲಬುರಗಿಯಲ್ಲಿ 2019ರ ನವೆಂಬರ್ 22ರಂದು ನಾಗರಿಕ ವಿಮಾನ ಸೇವೆ ಶುರುವಾದ ದಿನ ಊರಿಗೆ ಊರೇ ಹಬ್ಬದ ಮೈಯಲ್ಲಿತ್ತು. ಬೀದರ್‌ನಿಂದ 2020ರ ಫೆಬ್ರುವರಿಯಲ್ಲಿ ಬೆಂಗಳೂರಿಗೆ ವಿಮಾನ ಹೊರಟಿತು. ರಾಜಧಾನಿಯಿಂದ ಅತಿ ದೂರದ ಜಿಲ್ಲಾಕೇಂದ್ರ ಎರಡು ಗಂಟೆಯೊಳಗಿನ ಅಳತೆಗೆ ಬಂದಿತ್ತು.

ಆದರೆ ಬೀದರ್‌ನ ಆ ಸೇವೆ ನಡುವೆ ನಿಂತು, ಮತ್ತೆ ಶುರುವಾಗಿ, ಮತ್ತೆ ನಿಂತದ್ದನ್ನು ಅಲ್ಲಿನ ಜನ ಕಂಡಿದ್ದಾರೆ. ಮಹಾಲೇಖಪಾಲರು 2023ರಲ್ಲಿ ಸಂಸತ್ತಿಗೆ ಕೊಟ್ಟ ವರದಿಯ ಪ್ರಕಾರ, ಉಡಾನ್‌ನ ಮೊದಲ ಮೂರು ಸುತ್ತುಗಳಲ್ಲಿ ಹಂಚಿದ 774 ಮಾರ್ಗಗಳ ಪೈಕಿ 403ರಲ್ಲಿ ವಿಮಾನ ಹಾರಲೇ ಇಲ್ಲ. ಹಾರಿದ 371ರಲ್ಲಿ ಮೂರು ವರ್ಷ ಪೂರೈಸಿದ್ದು 112. ಆ ಅವಧಿಯ ಆಚೆಗೂ, 2023ರ ಮಾರ್ಚ್ ವೇಳೆಗೆ, ಉಳಿದುಕೊಂಡಿದ್ದು 54. ಈ ಅಂಕಿಗಳನ್ನು ಹಣಕಾಸಿನ ಕಣ್ಣಿನಿಂದ ಓದುವವರು ಓದಲಿ. ನನಗೆ ಅವುಗಳಲ್ಲಿ ಕಾಣುವುದು, ಹತ್ತಿರವಾಗಿ ಮತ್ತೆ ದೂರವಾದ ಊರುಗಳು. ನಿಲ್ದಾಣ ಅಲ್ಲೇ ಇದೆ, ರನ್‌ವೇ ಅಲ್ಲೇ ಇದೆ, ಕಿಲೋಮೀಟರೂ ಅಷ್ಟೇ ಇವೆ. ಹೋದದ್ದು ನಾಳೆಯೂ ಬರುತ್ತದೆಂಬ ಭರವಸೆ. ಆ ಭರವಸೆ ಇಲ್ಲದ ದಾರಿಯನ್ನು ನೆಚ್ಚಿ ಯಾರೂ ಮಗಳನ್ನು ದೂರಕ್ಕೆ ಮದುವೆ ಮಾಡಿ ಕೊಡುವುದಿಲ್ಲ, ಅಪ್ಪನ ಚಿಕಿತ್ಸೆಯ ದಿನ ಗೊತ್ತುಮಾಡುವುದಿಲ್ಲ.

ಭರವಸೆಯನ್ನು ಉಳಿಸಿಕೊಂಡ ಊರೊಂದಿದೆ. ಸ್ಕಾಟ್ಲೆಂಡಿನ ಉತ್ತರಕ್ಕೆ ಆರ್ಕ್ನಿ ದ್ವೀಪಗಳಲ್ಲಿ ವೆಸ್ಟ್ರೆ ಮತ್ತು ಪಾಪಾ ವೆಸ್ಟ್ರೆ ಎಂಬ ಎರಡು ನಡುಗಡ್ಡೆಗಳು. ಎರಡರ ವಿಮಾನದಂಗಳಗಳ ನಡುವೆ 2.7 ಕಿಲೋಮೀಟರ್. ವೇಳಾಪಟ್ಟಿಯಲ್ಲಿ ಬರೆದಿರುವುದು ಎರಡು ನಿಮಿಷ. ಗಾಳಿ ಒದಗಿಬಂದ ದಿನ 53 ಸೆಕೆಂಡಿನಲ್ಲಿ ದಾಟಿದ ದಾಖಲೆಯೂ ಇದೆ. ಜಗತ್ತಿನಲ್ಲೇ ಅತಿ ಚಿಕ್ಕ ನಿಗದಿತ ವಿಮಾನಯಾನ ಇದು. ಹತ್ತಾರು ವರ್ಷಗಳಿಂದ ಸುದ್ದಿಯಾಗುತ್ತಾ ಬಂದಿರುವುದು ಅದರ ಚಿಕ್ಕತನ. ನನ್ನ ಮನಸ್ಸು ಹಿಡಿದದ್ದು ಅದರ ಬಾಳಿಕೆ. 1967ರಿಂದ ಅದು ನಡೆಯುತ್ತಿದೆ. ಪಾಪಾ ವೆಸ್ಟ್ರೆಯಲ್ಲಿ ಇರುವವರು ನೂರಕ್ಕೂ ಕಡಿಮೆ ಜನ. ಐದು ಸಾವಿರ ವರ್ಷಕ್ಕೂ ಹಿಂದಿನ ಕಲ್ಲಿನ ಮನೆಗಳು ಇನ್ನೂ ನಿಂತಿರುವ ನೆಲ ಅದು. ಎಂಟು ಪ್ರಯಾಣಿಕರ ಪುಟ್ಟ ಐಲ್ಯಾಂಡರ್ ವಿಮಾನದಲ್ಲಿ ಶಿಕ್ಷಕರು, ವೈದ್ಯರು, ವಿದ್ಯಾರ್ಥಿಗಳು ಹೋಗಿಬರುತ್ತಾರೆ. ಲಾಭದ ಲೆಕ್ಕದಲ್ಲಿ ಇಂಥ ದಾರಿ ಉಳಿಯಲಾರದು. ಅಲ್ಲಿನ ಸ್ಥಳೀಯ ಆಡಳಿತ ಸಾರ್ವಜನಿಕ ಹಣ ಕೊಟ್ಟು ಅದನ್ನು ಉಳಿಸಿದೆ. ನೂರು ಜನರಿಗೋಸ್ಕರ ಒಂದು ಸಮಾಜ ಎರಡು ನಿಮಿಷದ ದಾರಿಯನ್ನು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಬಿಡದೆ ನಡೆಸಿತೆಂದರೆ, "ನೀವು ಅಲ್ಲಿ ಇರಿ, ನಾವು ಬರುತ್ತೇವೆ" ಎಂದು ಅದು ಪ್ರತಿದಿನ ಹೇಳಿದಂತಾಯಿತು.

ಕಲಬುರಗಿ ಮತ್ತು ಮಂಗಳೂರಿನ ನಡುವೆ ನಾಳೆಯೇ ನೇರ ವಿಮಾನ ಹಾರಬೇಕೆಂಬುದು ನನ್ನ ಒತ್ತಾಯವಲ್ಲ. ಹಾರಿದರೆ ಒಳ್ಳೆಯದೇ. ಆದರೆ ಆ ಎರಡು ಊರುಗಳನ್ನು ತಮ್ಮ ಬೆವರಿನಿಂದ ಜೋಡಿಸಿರುವವರು ಅದರಲ್ಲಿ ಕೂರಲಾರರೆಂಬುದು ನನಗೆ ಗೊತ್ತಿದೆ. ಅವರ ಪಾಲಿಗೆ ಒಯ್ಯುವ ಕೆಲಸವೆಂದರೆ ನೆಚ್ಚಬಹುದಾದ ಬಸ್ಸು, ಘಟ್ಟ ಇಳಿಯುವಾಗ ನಿದ್ದೆಗೆ ಜಾರದ ಚಾಲಕ, ಮಳೆಗಾಲದಲ್ಲೂ ಮುಚ್ಚದ ರಸ್ತೆ, ಉತ್ತರ ಮತ್ತು ಕರಾವಳಿಯನ್ನು ಬೆಂಗಳೂರು ಸುತ್ತದೆ ಕೂಡಿಸುವ ರೈಲು. ಪ್ರಾದೇಶಿಕ ಅಸಮತೋಲನದ ಬಗ್ಗೆ ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಕೊಟ್ಟ ಮೇಲೆ ಹಿಂದುಳಿದ ತಾಲ್ಲೂಕುಗಳ ಬಗ್ಗೆ ಬಹಳ ಮಾತಾಡಿದ್ದೇವೆ. ಆ ಮಾತುಗಳಲ್ಲಿ ಪ್ರತಿ ಪ್ರದೇಶವೂ ರಾಜಧಾನಿಯ ಎದುರು ನಿಂತು ತನ್ನ ಪಾಲು ಕೇಳುತ್ತದೆ. ಒಂದು ಪ್ರದೇಶ ಇನ್ನೊಂದಕ್ಕೆ ಏನಾಗಬೇಕು ಎಂಬ ಪ್ರಶ್ನೆಯನ್ನೂ ಇನ್ನು ಮುಂದೆ ಕೇಳಬೇಕು. ಕರಾವಳಿಯ ಮನೆಗಳನ್ನು ಕಟ್ಟಿದ ಕೈಗಳ ಊರು ಯಾವುದೆಂದು ಆ ಮನೆಗಳಲ್ಲಿ ಬಾಳುವವರು ತಿಳಿದಿರಬೇಕು.

ಹೊರಡಿಸುವ ಪಾಲು ಮಾತ್ರ ಯಾವ ಸರ್ಕಾರಕ್ಕೂ, ಯಾವ ಕಂಪನಿಗೂ ಬಿಟ್ಟುಕೊಡುವಂಥದ್ದಲ್ಲ. ನಮ್ಮಲ್ಲಿ ಬಹಳ ಜನರ ಕೈಯಲ್ಲಿ ಬೇರೊಬ್ಬರ ದೂರವಿದೆ. ಮನೆ ಕಟ್ಟಿಸುವವರ ಕೈಯಲ್ಲಿ ಕಟ್ಟುವವರ ದೂರ, ಕಚೇರಿಯ ಮೇಲಧಿಕಾರಿಯ ಕೈಯಲ್ಲಿ ಗುಮಾಸ್ತೆಯ ದೂರ, ಮನೆಗೆಲಸದಾಕೆಯ ದೂರ ಯಜಮಾನಿಯ ಕೈಯಲ್ಲಿ, ಹಾಸ್ಟೆಲ್ಲಿನ ಹುಡುಗಿಯ ದೂರ ವಾರ್ಡನ್ನರ ಕೈಯಲ್ಲಿ. ಊರಿನಿಂದ ಫೋನು ಬಂದಿದೆ ಎಂದು ಅವರು ಬಾಗಿಲಲ್ಲಿ ಬಂದು ನಿಂತಾಗ ಮರುಮಾತಿಲ್ಲದೆ ಕಳಿಸಿಕೊಡಬಲ್ಲವರು ಯಾವ ವಿಮಾನಕ್ಕೂ ಸಾಧ್ಯವಾಗದಷ್ಟು ದಾರಿಯನ್ನು ಕಡಿಮೆ ಮಾಡುತ್ತಾರೆ. ಅದಕ್ಕೆ ರನ್‌ವೇ ಬೇಡ, ಸಹಾಯಧನ ಬೇಡ. ದಾರಿಖರ್ಚಿಗೆ ಒಂದಿಷ್ಟು ದುಡ್ಡು ಮತ್ತು "ಮೊದಲು ಹೊರಡು" ಎಂಬ ಒಂದು ಮಾತು ಬೇಕು. ಆ ಮಾತನ್ನು ತಡಮಾಡದೆ ಆಡುವುದು ನಾವು ಒಬ್ಬರಿಗೊಬ್ಬರು ಸಲ್ಲಿಸಲೇಬೇಕಾದ ಋಣ.